ಬೆಲ್ಲ ಕರಗುವಷ್ಟು ಹೊತ್ತು

ಮೊನ್ನೆ ಕಾಲೇಜಿನ ಬ್ಯಾಗನ್ನು ಕವುಚಿ ಕೊಡವುವಾಗ ತಳದಿಂದ ಒಂದು ಬೆಲ್ಲದ ಚೂರು ಬಿತ್ತು. ಅದಕ್ಕೆ ಒಂದು ಬಸ್ ಟಿಕೆಟ್ ಅಂಟಿಕೊಂಡಿತ್ತು, ಟಿಕೆಟಿಗೊಂದು ಉದ್ದ ಕೂದಲು ಸುತ್ತಿಕೊಂಡಿತ್ತು. ಒಟ್ಟಿನಲ್ಲಿ ಯಾರೋ ಮಾಟ ಮಾಡಿಸಿ ಇಟ್ಟ ಹಾಗೆ ಕಾಣುತ್ತಿತ್ತು. ನನ್ನ ಗಂಡ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಎಂತಕ್ಕೆ..." ಎಂದರು. ಪಾಠಕ್ಕೆ, ಮಕ್ಕಳ ಬಾಯಿಗೆ ಹಾಕಲಿಕ್ಕೆ, ಹಳತು, ಬಿಸಾಡಿ ಎಂದು ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಕೇಳಲು ಹೊರಟದ್ದು ಅದನ್ನಲ್ಲವಂತೆ. ಇದು ಎಂತಕ್ಕೆ ಇಷ್ಟು ಗಟ್ಟಿಯಾಗಿದೆ ಎಂದು ಕೇಳುವವರಿದ್ದರಂತೆ.

ಈಗ ನನ್ನ ಕಾಯಿಲೆಯ ಪರಿಚಯ ನಿಮಗಾಗಿರಬೇಕು. ಎದುರಿನವರ ಮಾತನ್ನು ಅವರ ಬಾಯಿಂದ ಕಸಿದುಕೊಂಡು ನಾನೇ ಮುಗಿಸಿಬಿಡುವುದು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಗಂಡ ಒಂದು ವಾಕ್ಯವನ್ನು ಕೊನೆಮುಟ್ಟಿಸಿದ್ದು ನನಗೆ ನೆನಪಿಲ್ಲ. ಪಾಪ, ಈಗೀಗ ಅವರು ಅರ್ಧ ವಾಕ್ಯವನ್ನಷ್ಟೇ ಸಿದ್ಧಮಾಡಿಕೊಂಡು ಬರುತ್ತಾರೆ. ಇದನ್ನು ಜಾಣತನ ಎಂದು ತಿಳಿಯಬೇಡಿ. ಶುದ್ಧ ಹೆದರಿಕೆ ಇದು. ಯಾರಾದರೂ ಮಾತಿನ ನಡುವೆ ತಡೆದು ನಿಂತರೆ ನನ್ನ ಎದೆ ಡವಡವ ಎನ್ನತೊಡಗುತ್ತದೆ. ಅವರಿಗೆ ಅವಮಾನವಾದೀತು, ನನ್ನ ಮೇಲೆ ಬೇಸರವಿರಬಹುದು, ಏನೋ ಕೆಟ್ಟ ಸುದ್ದಿ ಬರುತ್ತಿದೆ ಎಂದು ಮೂರು ಥರದ ಯೋಚನೆ ಒಟ್ಟಿಗೆ ಬರುತ್ತದೆ. ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಸುಳ್ಯದ ಕಡೆಯ ನನ್ನ ಅಜ್ಜಿ ಇದಕ್ಕೆ ಮದ್ದು ಮಾಡಲು ನೋಡಿದ್ದರು. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಕೊಡುವುದು ಕ್ರಮ. ಈಗ ಎಲ್ಲರೂ ಚಹಾ ಕೊಡುತ್ತಾರೆ, ಅದು ಬೇರೆ ಮಾತು. ಅಜ್ಜಿಯ ಕಾನೂನು ಏನೆಂದರೆ, ಬಂದವರ ಬಾಯಿಯ ಬೆಲ್ಲ ಕರಗಿ ಅವರೇ ಬಾಯಿ ತೆರೆಯುವವರೆಗೆ ಬಂದ ಕಾರಣ ಕೇಳಬಾರದು. ನಾನು ಎಂಟು ವರ್ಷದವಳು. ಅಷ್ಟು ಹೊತ್ತು ಕಾಯುವುದೆಂದರೆ ನನಗೆ ಚಡ್ಡಿಯೊಳಗೆ ಇರುವೆ ಹೊಕ್ಕ ಹಾಗೆ. ಒಮ್ಮೆ ಅಜ್ಜಿಯ ತಮ್ಮನ ಮನೆಯ ಪಕ್ಕದ ಕುಂಞಣ್ಣ ಎಂಬವರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ. ಜಗಲಿಯಲ್ಲಿ ಕೂತು ಬೆಲ್ಲ ಬಾಯಿಗೆ ಹಾಕಿ ನೆಲ ನೋಡುತ್ತಿದ್ದರು. ನಾನು ಹೋಗಿ, ಮದುವೆಗೆ ಹೇಳಲಿಕ್ಕೆ ಬಂದದ್ದಲ್ಲವಾ, ನಿಮ್ಮ ಮನೆಯ ಸುಮಕ್ಕನದ್ದಲ್ಲವಾ, ನನಗೆ ಗೊತ್ತುಂಟು ಎಂದು ಚಪ್ಪಾಳೆ ತಟ್ಟಿದೆ. ಒಳಗೆ ಓಡಿ ಅಜ್ಜಿಗೂ ಹೇಳಿದೆ. ಅಜ್ಜಿ ನಗುತ್ತಾ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು. ಕುಂಞಣ್ಣ ಬಂದದ್ದು ಅಜ್ಜಿಯ ತಮ್ಮ ತೀರಿಹೋದ ಸುದ್ದಿ ಹೇಳಲು. ನಗುತ್ತಾ ಬಂದ ಅಜ್ಜಿಯ ಮುಖ ನೋಡಿ ಆ ಮನುಷ್ಯನಿಗೆ ಮಾತೇ ಹೊರಡಲಿಲ್ಲ. ಅಜ್ಜಿ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಇಂಥವಳು ದೊಡ್ಡವಳಾಗಿ ಏನಾಗಬೇಕು ಹೇಳಿ? ಕನ್ನಡ ಉಪನ್ಯಾಸಕಿಯಾದೆ. ಪುತ್ತೂರಿನ ಒಂದು ಕಾಲೇಜಿನಲ್ಲಿ ಹದಿನೈದು ವರ್ಷದಿಂದ ಮಕ್ಕಳ ಅರ್ಧ ವಾಕ್ಯಗಳನ್ನು ಮುಗಿಸಿಕೊಟ್ಟು ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಈ ವರ್ಷ ನಮ್ಮ ಪ್ರಾಂಶುಪಾಲರಿಗೆ ಒಂದು ಯೋಚನೆ ಹೊಳೆಯಿತು. ಬರವಣಿಗೆಯಲ್ಲಿ ಹಿಂದಿರುವ ಮಕ್ಕಳಿಗೆ ಮುಂದಿರುವ ಮಕ್ಕಳೇ ಕಲಿಸಬೇಕು, ಕಲಿಸುವವರನ್ನು ತಯಾರು ಮಾಡುವುದು ಕನ್ನಡ ಮೇಡಂ. ಬೇರೆ ಯಾರೂ ಬೇಡವೆಂದ ಕೆಲಸ ಕನ್ನಡ ವಿಭಾಗಕ್ಕೆ ಬರುವುದು ಹೊಸತಲ್ಲ. ಲೈಬ್ರರಿಯ ಪಕ್ಕ ಕಾಲು ಮುರಿದ ಬೆಂಚುಗಳನ್ನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಬಾಗಿಲಿಗೆ 'ಬರವಣಿಗೆ ಕೋಣೆ' ಎಂದು ಚೀಟಿ ಅಂಟಿಸಿದೆವು. ಆರು ಮಂದಿ ಅಂತಿಮ ವರ್ಷದವರನ್ನು ಆರಿಸಿದೆ. ಅವರಲ್ಲಿ ರುಮಾನ ನನ್ನ ಅಚ್ಚುಮೆಚ್ಚಿನವಳು. ಪುತ್ತೂರಿನ ದರ್ಬೆಯಲ್ಲಿ ಅವಳ ತಂದೆಯ ಬಟ್ಟೆ ಅಂಗಡಿ, ಮನೆಯಲ್ಲಿ ಬ್ಯಾರಿ ಮಾತು, ಬರೆಯಲು ಕೂತರೆ ಮಾತ್ರ ಮುತ್ತು ಪೋಣಿಸಿದಂಥ ಕನ್ನಡ.

ಮೊದಲ ದಿನ ಪರೀಕ್ಷೆಗೆಂದು ಒಬ್ಬ ಕಿರಿಯನನ್ನು ಅವಳ ಎದುರು ಕೂರಿಸಿದೆ. ರುಮಾನ ಅವನ ಪುಸ್ತಕ ಎಳೆದುಕೊಂಡಳು, ಪೆನ್ನನ್ನೂ ಎಳೆದುಕೊಂಡಳು, ಎರಡು ನಿಮಿಷದಲ್ಲಿ ಅವನ ಪ್ಯಾರಾ ಹೊಡೆದುಹಾಕಿ ತಾನೊಂದು ಪ್ಯಾರಾ ಬರೆದು, ಈಗ ಚಂದ ಉಂಟಲ್ಲ ಮೇಡಂ ಎಂದು ನನ್ನ ಕಡೆ ತಿರುಗಿದಳು. ಚಂದವೇ ಇತ್ತು. ಆ ಹುಡುಗ ಮದುವೆಮನೆಯಲ್ಲಿ ಗುರುತಿನವರು ಸಿಗದವನ ಹಾಗೆ ಕೂತಿದ್ದ. ಹಾಗೆ ಮಾಡಬಾರದು ಎಂದು ಹೇಳಲು ಬಾಯಿ ತೆರೆದೆ. ಅವಳು ಅದನ್ನು ಯಾರಿಂದ ಕಲಿತದ್ದೆಂದು ಅಷ್ಟರಲ್ಲಿ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸರದಿ ನನ್ನದು.

ಆಗ ಅಜ್ಜಿಯ ಬೆಲ್ಲ ನೆನಪಾಯಿತು. ಕಾನೂನು ಮಾಡಿದೆ. ಬರೆಯಲು ಬಂದವರ ಪೆನ್ನು ಅವರ ಕೈಯಲ್ಲೇ ಇರಬೇಕು. ಕಲಿಸುವವರು ಒಂದು ಪ್ರಶ್ನೆ ಕೇಳಬೇಕು, ಕೇಳಿದ ಕೂಡಲೇ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು. ಅದು ಕರಗುವವರೆಗೆ ಮಾತಾಡಬಾರದು, ಕಚ್ಚಬಾರದು. ಎದುರಿನವರಿಗೂ ಒಂದು ತುಂಡು, ಒಂದು ಲೋಟ ನೀರು. ಅವರು ಮಾತ್ರ ಬೇಕಾದಾಗ ಮಾತಾಡಬಹುದು. ಆ ಆರು ಮಂದಿಯಲ್ಲೊಬ್ಬ, ಸುಳ್ಯದ ವಿನೀತ, ಮೊದಲ ದಿನವೇ ಕಟುಂ ಎಂದು ಕಚ್ಚಿ ನುಂಗಿ, ಕರಗಿತು ಮೇಡಂ ಎಂದ. ಒಂದು ವಾರದಲ್ಲಿ ಕೋಣೆಗೆ ಇರುವೆಗಳ ಮೆರವಣಿಗೆ ಶುರುವಾಯಿತು. ಪ್ರಾಂಶುಪಾಲರು ಬಂದು ಗೋಡೆ ನೋಡಿ, ಬರವಣಿಗೆ ಕೋಣೆಯಲ್ಲಿ ಬರೆಯುವವರಿಗಿಂತ ತಿನ್ನುವವರೇ ಹೆಚ್ಚು ಕಾಣ್ತಾರೆ ಎಂದು ಹೋದರು. ಅವರು ಹೇಳಿದ್ದು ಇರುವೆಗೋ ನಮಗೋ ಎಂದು ಆ ದಿನವಿಡೀ ಚಿಂತೆ ಮಾಡಿದೆ.

ಆದರೂ ಬೆಲ್ಲ ಕೆಲಸ ಮಾಡಿತು. ಮಕ್ಕಳು ಮಾತಾಡತೊಡಗಿದರು, ಮಾತಾಡಿದ್ದನ್ನು ಬರೆಯತೊಡಗಿದರು. ನಾನು ಮಾತ್ರ ಕೋಣೆಯ ಮೂಲೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ ಕುರ್ಚಿ ಹಾಕಿ ಕೂರುತ್ತಿದ್ದೆ. ಹೊರಗಿನವರಿಗೆ ಮೌಲ್ಯಮಾಪನ ಎಂದು ಹೇಳಿದ್ದೆ. ನಿಜ ಹೇಳಬೇಕೆಂದರೆ ಮನೆಗೆ ಹೋಗಲು ಧೈರ್ಯವಿರಲಿಲ್ಲ. ನಾನಿಲ್ಲದಾಗ ಯಾರಾದರೂ ತಪ್ಪು ಬರೆಸಿದರೆ? ನಾನಿಲ್ಲದೆಯೂ ಎಲ್ಲ ಸರಿಯಾಗಿ ನಡೆದುಬಿಟ್ಟರೆ? ಎರಡನೆಯದೇ ಹೆಚ್ಚು ಹೆದರಿಕೆಯದ್ದು ಎಂದು ಕಾಣುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ ಮೌನದ ಪಾಠ ಮಾಡಿದವಳು ಕಪಾಟಿನ ಹಿಂದೆ ತುಟಿ ಕಚ್ಚಿ, ಮಕ್ಕಳ ಉತ್ತರಗಳನ್ನು ಮನಸ್ಸಿನೊಳಗೇ ಮುಗಿಸುತ್ತಿದ್ದೆ.

ಭವ್ಯ ಬಂದದ್ದು ಒಂದು ಶುಕ್ರವಾರ ಸಂಜೆ. ಪೆರಾಬೆಯಿಂದ ಬರುವ ಮೊದಲ ವರ್ಷದ ಹುಡುಗಿ. ಅವಳಿಗೆ ಹಾಜರಿ ಸಾಲದೆ ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿದಿದ್ದರು. ಕೊರತೆ ಒಂದೇ ವಿಷಯದಲ್ಲಿ, ಅದು ನನ್ನ ಕನ್ನಡ, ಮೊದಲ ಗಂಟೆ. ಕಾರಣ ತಿಳಿಸಿ ಪತ್ರ ಬರೆದು, ನನ್ನ ಸಹಿ ಹಾಕಿಸಿ, ಸೋಮವಾರ ಹಾಜರಿ ಸಮಿತಿಯ ಮುಂದೆ ಬರಬೇಕಿತ್ತು. ಒಪ್ಪಿಗೆಯಾಗದಿದ್ದರೆ ಆ ವರ್ಷ ಹೋದ ಹಾಗೆಯೇ. ಅವಳ ಮನೆಯಲ್ಲಿ ಒಂದು ವರ್ಷ ಹಾಳಾದರೆ ಇನ್ನೊಂದು ವರ್ಷ ಕಳಿಸುವವರಲ್ಲ ಎಂದು ಅವಳ ತರಗತಿಯವರು ಹೇಳಿದ್ದರು. ನನಗೆ ಕಾರಣ ಗೊತ್ತೇ ಇತ್ತು. ಪೆರಾಬೆಯ ಬಸ್ಸು ತಡ. ಅವಳು ಒಂದು ದಿನವೂ ಹಾಗೆ ಹೇಳಿರಲಿಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗಲೆಲ್ಲ ಬಸ್ಸು ತಡವಾ ಎಂದು ನಾನೇ ಕೇಳಿ, ಹೌದು ಎಂದು ನಾನೇ ತಿಳಿದುಕೊಂಡು ಒಳಗೆ ಬಿಡುತ್ತಿದ್ದೆ. ಆಮೇಲೆ ಅವಳು ಬಾಗಿಲವರೆಗೆ ಬರುವುದನ್ನೂ ಬಿಟ್ಟಳು.

ಅವಳೆದುರು ಕೂತದ್ದು ರುಮಾನ. ಕಪಾಟಿನ ಹಿಂದೆ ನಾನಿರುವುದು ರುಮಾನಳಿಗೆ ಗೊತ್ತು, ಭವ್ಯಳಿಗೆ ಗೊತ್ತಿಲ್ಲ. ಮೊದಲ ಗಂಟೆಯಲ್ಲಿ ನೀನು ಎಲ್ಲಿರುದು ಎಂದು ರುಮಾನ ಕೇಳಿದಳು. ಬೆಲ್ಲದ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಬಸ್ಸು, ಬಸ್ಸು ಎಂದು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಕೊನೆಗೆ ಭವ್ಯಳ ದನಿ ಕೇಳಿತು. ಒಂದೊಂದು ಮಾತಿಗೂ ನಡುವೆ ಇನ್ನೊಬ್ಬರು ಒಂದು ಕತೆ ಹೇಳುವಷ್ಟು ಬಿಡುವು.

"ಬಸ್ಸು ಸರಿ ಸಮಯಕ್ಕೇ ಬರ್ತದೆ ಅಕ್ಕ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತ್ಕೊಳ್ಳುದು. ಮೊದಲ ಗಂಟೆ ಮುಗಿದ ಮೇಲೆ ಬರುದು." ಮತ್ತೆ ಫ್ಯಾನಿನ ಸದ್ದು. "ನಾನು ಮಾತಾಡುದು ನಿಧಾನ. ಮೇಡಂ ಪ್ರಶ್ನೆ ಕೇಳ್ತಾರೆ, ನಾನು ಶುರು ಮಾಡುವಾಗ ಅವರೇ ಮುಗಿಸ್ತಾರೆ. ಅದೇ ಅಲ್ವಾ ನೀನು ಹೇಳಲಿಕ್ಕೆ ಹೊರಟದ್ದು, ವೆರಿ ಗುಡ್ ಅಂತಾರೆ. ಎಲ್ಲರೂ ನಗಾಡ್ತಾರೆ. ಅದಲ್ಲ ಅಂತ ಹೇಳಲಿಕ್ಕೂ ನನಗೆ ಹೊತ್ತು ಬೇಕು."

ಎದ್ದುಹೋಗಲು ದಾರಿಯಿರಲಿಲ್ಲ, ಬಾಗಿಲು ಅವರ ಆಚೆಗಿತ್ತು. ಈ ಹುಡುಗಿಗೆ ನಾನು ಉಪಕಾರ ಮಾಡುತ್ತಿದ್ದೇನೆ ಎಂದು ತಿಳಿದಿದ್ದೆ. ತಡವರಿಸುವವಳನ್ನು ಕೈ ಹಿಡಿದು ದಾಟಿಸುತ್ತಿದ್ದೇನೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು. ಆ ಕಡೆಯಿಂದ ರುಮಾನ ಒಂದೇ ಮಾತು ಹೇಳಿದಳು. ಈಗ ಹೇಳಿದ್ದನ್ನೇ ಬರಿ, ಹೇಳಿದ ಹಾಗೇ ಬರಿ. ಪೆನ್ನಿನ ಸದ್ದು ಶುರುವಾಯಿತು. ಅದು ನಿಂತು, ಶುರುವಾಗಿ, ಮತ್ತೆ ನಿಂತು, ಮುಗಿಯುವಾಗ ನನಗೆ ಒಂದು ವರ್ಷ ಕಳೆದ ಹಾಗಾಯಿತು.

ಭವ್ಯ ಹೋದ ಮೇಲೆ ರುಮಾನ ಕಪಾಟಿನ ಬಳಿ ಬಂದಳು. ಇನ್ನೂ ಅರ್ಧ ವರ್ಷ ನನ್ನ ಕೈಯಲ್ಲಿ ಅಂಕ ತೆಗೆದುಕೊಳ್ಳಬೇಕಾದವಳು.

"ಮೇಡಂ, ಅವಳು ಬರೆದದ್ದನ್ನು ನೀವು ತಿದ್ದಬಾರದು" ಎಂದಳು. ಮತ್ತೆ, "ಇನ್ನು ಮೇಲೆ ನೀವು ಇಲ್ಲಿ ಕೂತ್ಕೊಳ್ಳುದೂ ಬೇಡ" ಎಂದಳು. ನಾನು ಬ್ಯಾಗು ತೆಗೆದುಕೊಂಡು ಎದ್ದೆ.

ಶನಿವಾರ, ಭಾನುವಾರ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಾನೂ ಕೂರುವ ಆ ಸಮಿತಿಯಲ್ಲಿ ಉಳಿದ ಮೂವರ ಮುಂದೆ ಆ ಪತ್ರ ಓದಿದರೆ ಹದಿನೈದು ವರ್ಷದ ನನ್ನ ಮರ್ಯಾದೆ ಏನಾದೀತು ಎಂಬುದು ಮೊದಲ ಚಿಂತೆ. ಅದು ನಾಚಿಕೆಗೇಡು ಎನ್ನಿಸಿದ ಮೇಲೆ ಇನ್ನೊಂದು ಚಿಂತೆ ಹುಟ್ಟಿತು, ಇದು ನೋಡಲಿಕ್ಕೆ ಬಹಳ ಒಳ್ಳೆಯ ಚಿಂತೆ. ಅಧ್ಯಾಪಕಿಯ ಮೇಲೆ ದೂರು ಹೇಳಿದಳೆಂದು ಸಮಿತಿಯವರು ಸಿಟ್ಟಾಗಿ ಹಾಲ್ ಟಿಕೆಟ್ ಕೊಡದಿದ್ದರೆ? ಬಸ್ಸಿನ ಕಾರಣವಾದರೆ ಎಲ್ಲರೂ ಒಪ್ಪುತ್ತಾರೆ, ಹುಡುಗಿಯ ವರ್ಷ ಉಳಿಯುತ್ತದೆ. ಹೀಗೆ ಅವಳ ಹಿತಕ್ಕಾಗಿಯೇ ಭಾನುವಾರ ಮಧ್ಯಾಹ್ನ ಕೂತು ಒಂದು ಪತ್ರ ಬರೆದೆ. ಸುಬ್ರಹ್ಮಣ್ಯದ ಕಡೆಯಿಂದ ಬರುವ ಬಸ್ಸುಗಳು ಯಾತ್ರಿಗಳಿಂದಲೇ ತುಂಬಿ ನಿಲ್ಲದೆ ಹೋಗುವುದರಿಂದ ಎಂದು ಶುರುವಾಗುವ, ಕಲ್ಲನ್ನೂ ಕರಗಿಸುವ ಪತ್ರ. ಮೂರು ಸಲ ತಿದ್ದಿದೆ. ಪ್ರತಿ ಸಲವೂ ಹೆಚ್ಚು ಚೆನ್ನಾಯಿತು. ಗಂಡ ಬಂದು ನಿಂತು, "ನಿನಗೆ ಎಂತ..." ಎಂದರು. ತಲೆನೋವು ಎಂದೆ. ಈ ಸಲ ಅವರು ಕೇಳಲು ಹೊರಟದ್ದೇನೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಭವ್ಯ ಸಹಿಗೆಂದು ಬಂದಳು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಅವಳ ಪತ್ರ ಅರ್ಧ ಪುಟ. ಬಸ್ಸು ಸರಿಯಾದ ಸಮಯಕ್ಕೆ ಬರುತ್ತದೆ, ನಾನು ಬಸ್ ನಿಲ್ದಾಣದಲ್ಲಿ ಕುಳಿತಿರುತ್ತಿದ್ದೆ, ನಾನು ಮಾತಾಡುವುದು ನಿಧಾನ, ಮೇಡಂ ನನ್ನ ಮಾತನ್ನು ಅವರೇ ಮುಗಿಸುತ್ತಾರೆ, ಎಲ್ಲರೂ ನಗುತ್ತಾರೆ. ಕೊನೆಯ ಎರಡು ಸಾಲು ಶುಕ್ರವಾರ ನಾನು ಕೇಳಿರದೆ ಇದ್ದದ್ದು. 'ಮೇಡಂ ಒಳ್ಳೆಯವರು. ನನಗೆ ಪರೀಕ್ಷೆ ಬರೆಯಬೇಕು.'

ಇಷ್ಟು ಓದಿಯೂ ನಾನು ಸುಮ್ಮನಿರಲಿಲ್ಲ ನೋಡಿ. ನನ್ನ ಪತ್ರವನ್ನು ಹಾಜರಿ ಪುಸ್ತಕದೊಳಗಿಂದ ತೆಗೆದು ಅವಳ ಮುಂದಿಟ್ಟೆ. ಇದನ್ನು ನಿನ್ನ ಅಕ್ಷರದಲ್ಲಿ ಬರೆದು ಕೊಟ್ಟರೆ ಸುಲಭವಾಗುತ್ತದೆ, ನಿನ್ನ ಒಳ್ಳೆಯದಕ್ಕೇ ಹೇಳುವುದು ಎಂದೆ. ಅವಳು ಅದನ್ನು ಪೂರ್ತಿ ಓದಿದಳು. ಓದುವುದೂ ನಿಧಾನ. ಓದಿ ಮುಗಿಸಿ ಮಡಚಿ, ಎರಡು ಕೈಯಲ್ಲಿ ಹಿಡಿದು ನನಗೇ ಹಿಂದೆ ಕೊಟ್ಟಳು.

"ಚಂದ ಉಂಟು ಮೇಡಂ" ಎಂದಳು. ನಾನು ಏನೋ ಹೇಳಲು ಹೊರಟಾಗ ಅವಳ ಮಾತು ಇನ್ನೂ ಮುಗಿದಿರಲಿಲ್ಲ. "ಆದರೆ ಇದು ನನ್ನದಲ್ಲ."

ಅವಳ ಪತ್ರದ ಕೆಳಗೆ ಸಹಿ ಹಾಕಿದೆ.

ಸಮಿತಿಯ ಕೋಣೆಯಲ್ಲಿ ಪ್ರಾಂಶುಪಾಲರು, ವಾಣಿಜ್ಯ ವಿಭಾಗದ ಮುಖ್ಯಸ್ಥರು, ಕಚೇರಿಯ ಗುಮಾಸ್ತರು, ನಾನು. ಅವತ್ತು ಹನ್ನೊಂದು ಮಂದಿಯದ್ದು ನೋಡಿ ಮುಗಿಸಬೇಕಿತ್ತು, ಎಲ್ಲರಿಗೂ ಅವಸರ. ಭವ್ಯ ಒಳಗೆ ಬಂದು ಪತ್ರ ಮೇಜಿನ ಮೇಲಿಟ್ಟಳು. ಪ್ರಾಂಶುಪಾಲರು ಅದನ್ನು ಬಿಡಿಸುವ ಮೊದಲೇ, ಪೆರಾಬೆಯಲ್ಲವಾ, ಬಸ್ಸಿನ ಸಮಸ್ಯೆಯಾ ಎಂದರು. ಇವರಿಗೂ ನನ್ನ ಕಾಯಿಲೆ ಉಂಟೆಂದು ಅವತ್ತು ಗೊತ್ತಾಯಿತು. ಹೌದು ಎಂದರೆ ಮುಗಿಯುತ್ತಿತ್ತು. ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

"ಸರ್, ನಾನು..." ಎಂದಳು ಭವ್ಯ. ಅಲ್ಲಿಗೇ ನಿಂತಳು.

ವಾಣಿಜ್ಯದವರು ಗಡಿಯಾರ ನೋಡಿದರು. ಗುಮಾಸ್ತರು ಮುಂದಿನ ಫೈಲು ಎಳೆದುಕೊಂಡರು. ಪ್ರಾಂಶುಪಾಲರು ಮತ್ತೆ ಬಾಯಿ ತೆರೆಯುವುದು ಕಂಡಿತು. ನನ್ನ ಎದೆ ಹೊಡೆದುಕೊಳ್ಳುವುದು ಅವರಿಗೆಲ್ಲ ಕೇಳುತ್ತಿದೆಯೇನೋ ಎಂದು ಗಾಬರಿಯಾಯಿತು.

"ಸರ್, ಅವಳು ಹೇಳ್ತಾಳೆ" ಎಂದೆ. "ಸ್ವಲ್ಪ ಹೊತ್ತು ಬೇಕು."

ಅವಳು ಹೇಳಿದಳು. ಪತ್ರದಲ್ಲಿ ಇದ್ದದ್ದನ್ನೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ಮಾತುಗಳ ನಡುವಿನ ಬಿಡುವುಗಳಲ್ಲಿ ಯಾರೂ ಅಲ್ಲಾಡಲಿಲ್ಲ. ಅವಳು ಮುಗಿಸಿದ ಮೇಲೆ ಪ್ರಾಂಶುಪಾಲರು ಪತ್ರ ಓದಿ, ನನ್ನ ಸಹಿ ನೋಡಿ, ಇದು ನಿಜವಾ ಮೇಡಂ ಎಂದು ಕೇಳಿದರು. ನಿಜ ಸರ್ ಎಂದೆ. ನಾನು ಇನ್ನೂ ಏನಾದರೂ ಹೇಳುತ್ತೇನೆಂದು ಅವರು ಕಾದರು. ಹೇಳಲು ನನ್ನಲ್ಲಿ ಹತ್ತು ವಾಕ್ಯಗಳಿದ್ದವು, ಒಂದನ್ನೂ ಹೇಳಲಿಲ್ಲ. ಅವರು ಕನ್ನಡಕ ತೆಗೆದಿಟ್ಟು, ಪರೀಕ್ಷೆಗೆ ಉಳಿದ ಮೂರು ವಾರ ಮೊದಲ ಗಂಟೆ ಒಂದು ದಿನವೂ ತಪ್ಪಬಾರದು, ಸಂಜೆ ಹೆಚ್ಚಿನ ತರಗತಿಗೂ ಬರಬೇಕು, ಹಾಗೆ ಬಂದರೆ ಹಾಲ್ ಟಿಕೆಟ್, ಒಂದು ದಿನ ತಪ್ಪಿದರೂ ಇಲ್ಲ ಎಂದರು. ಭವ್ಯ ತಲೆಯಾಡಿಸಿದಳು. ನನಗೆ ಪ್ರಾಂಶುಪಾಲರು ಏನೂ ಹೇಳಲಿಲ್ಲ. ನನ್ನ ಬಗ್ಗೆ ಆಮೇಲೆ ಅವರವರು ಏನು ಮಾತಾಡಿಕೊಂಡರೋ ಗೊತ್ತಿಲ್ಲ, ಗೊತ್ತಾಗದಿರುವುದರಿಂದ ಇಂದಿಗೂ ಹೆದರಿಕೆಯೇ.

ಮರುದಿನ ಬೆಳಿಗ್ಗೆ ನಾನು ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿದ್ದೆ. ಅವಳ ಜಾಗ ಖಾಲಿ. ಗಂಟೆ ಹೊಡೆಯಿತು, ಖಾಲಿಯೇ. ಅವಳು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದಾಳೆಂದು ನನಗೆ ಖಂಡಿತವಾಯಿತು. ಅವಳು ಬರದಿದ್ದರೆ ಆ ವರ್ಷ ಹಾಳುಮಾಡಿದ್ದು ನಾನು, ಬೇರೆ ಯಾರೂ ಅಲ್ಲ. ಹಾಜರಿ ಕರೆಯಲು ಶುರುಮಾಡಿ, ಅವಳ ಹೆಸರಿನ ಹತ್ತಿರ ಬರಬಾರದೆಂದು ಒಂದೊಂದು ಹೆಸರನ್ನೂ ಎಳೆದು ಎಳೆದು ಕರೆದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಕೊನೆಗೆ ಅವಳ ಹೆಸರೂ ಬಂತು. ಕರೆದು ತಲೆಯೆತ್ತಿದರೆ ಬಾಗಿಲಲ್ಲಿ ನಿಂತಿದ್ದಳು. ಯಾಕೆ ತಡ ಎಂದು ನಾನು ಕೇಳಲಿಲ್ಲ, ಕಾರಣವನ್ನೂ ಕೊಡಲಿಲ್ಲ. ಬಾ ಎಂದೆ.

ಅವತ್ತಿನ ಪಾಠ ಒಂದು ಕತೆ. ತುಂಬಾ ವರ್ಷದ ನಂತರ ಅಣ್ಣ ಬಂದು ಬಾಗಿಲು ತಟ್ಟುತ್ತಾನೆ, ತಂಗಿ ಒಳಗೇ ಇದ್ದೂ ಬಾಗಿಲು ತೆರೆಯುವುದಿಲ್ಲ. ಯಾಕೆ ತೆರೆಯಲಿಲ್ಲ ಎಂಬುದು ಪ್ರತಿ ವರ್ಷ ಪರೀಕ್ಷೆಗೆ ಬರುವ ಪ್ರಶ್ನೆ. ಅದನ್ನು ಭವ್ಯಳಿಗೆ ಕೇಳಬೇಕೋ ಬೇಡವೋ ಎಂದು ಅರ್ಧ ಗಂಟೆ ಒಳಗೊಳಗೇ ಒದ್ದಾಡಿ, ಕೊನೆಗೆ ಕೇಳಿದೆ.

ಅವಳು ಎದ್ದು ನಿಂತಳು. "ಅವಳಿಗೆ ಸಿಟ್ಟು..." ಎಂದು ನಿಲ್ಲಿಸಿದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತೆ. ಉತ್ತರ ನನಗೆ ಗೊತ್ತಿತ್ತು, ಬಾಯಿ ತುಂಬ ಇತ್ತು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು, ನಾನು ಅವಳ ಮುಖ ನೋಡುತ್ತಿದ್ದೆ.

"ಸಿಟ್ಟು ಇರಲಿಲ್ಲ ಮೇಡಂ" ಎಂದಳು ಭವ್ಯ. "ಅಣ್ಣ ಒಳಗೆ ಬಂದರೆ ಕುಳ್ಳಿರಿಸಲಿಕ್ಕೆ ಅವಳ ಮನೆಯಲ್ಲಿ ಒಂದು ಒಳ್ಳೆ ಕುರ್ಚಿ ಇರಲಿಲ್ಲ."

ಪುಸ್ತಕ ತೆಗೆದು ನೋಡಿದೆ. ಎರಡನೇ ಪುಟದಲ್ಲೇ ಇತ್ತು, ಕಾಲು ಮುರಿದ ಆ ಕುರ್ಚಿ. ಹದಿನೈದು ವರ್ಷ ಈ ಪಾಠ ಮಾಡಿದ್ದೇನೆ. ಹದಿನೈದು ವರ್ಷವೂ ನೋಟ್ಸಿನಲ್ಲಿ ಸಿಟ್ಟು ಎಂದೇ ಬರೆಸಿದ್ದೇನೆ.